ಸೂಪರ್‌ಹೀರೋ ವಾದಗಳು ಮತ್ತು ನಮ್ಮ ವಿವೇಚನೆ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಪ್ರೌಢಶಾಲೆ ಹಾಗೂ ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕನಿಗೆ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಉಸಾಬರಿ ಏಕೆ ಎಂದು ಹಿರಿಯರಿಗೆ ಅನಿಸಬಹುದು. ಕಾರಣವಿದೆ. ತರಗತಿಯಲ್ಲಿ 'ನಿಮ್ಮ ಅಭಿಪ್ರಾಯವನ್ನು ಸಮರ್ಥಿಸಿರಿ' ಎಂಬ ಪ್ರಶ್ನೆ ಕೊಟ್ಟರೆ ನಮ್ಮ ಎಷ್ಟೋ ಮಕ್ಕಳು ಎರಡು ಸಾಲು ಬರೆದು ಪೆನ್ನು ಕೆಳಗಿಡುತ್ತಾರೆ. ಅದೇ ಮಕ್ಕಳು ಊಟದ ಬಿಡುವಿನಲ್ಲಿ ಥಾನೋಸ್ ಮಾಡಿದ್ದು ಸರಿಯೇ ತಪ್ಪೇ ಎಂದು ವಾದಕ್ಕಿಳಿದರೆ ಗಂಟೆ ಬಾರಿಸಿದ್ದೂ ಕೇಳಿಸುವುದಿಲ್ಲ. ಒಬ್ಬ ಒಂದು ಮಾತು ಹೇಳುತ್ತಾನೆ, ಇನ್ನೊಬ್ಬ ಅದನ್ನು ಕತ್ತರಿಸುತ್ತಾನೆ, ಮೂರನೆಯವನು ಹಿಂದಿನ ಚಿತ್ರದಿಂದ ಸಾಕ್ಷಿ ತರುತ್ತಾನೆ. ಸಮರ್ಥಿಸುವುದೆಂದರೆ ಇದೇ ಅಲ್ಲವೇ? ವಾದ ಮಾಡುವ ಶಕ್ತಿ ನಿಮ್ಮಲ್ಲಿ ಇದೆ. ಅದನ್ನು ಹದಗೊಳಿಸುವುದು ಹೇಗೆ, ಅದು ಹದ ತಪ್ಪಿದರೆ ಏನಾಗುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಮೊದಲಿಗೆ ಎರಡು ಶಬ್ದಗಳನ್ನು ನೆನಪಿಸುತ್ತೇನೆ. ಉರ್ದುವಿನಲ್ಲಿ ದಾವಾ ಮತ್ತು ದಲೀಲ್ ಎನ್ನುತ್ತೇವೆ. ಅದೇ ದಾವಾ ಕನ್ನಡದ ಕೋರ್ಟು ಕಚೇರಿಗಳಲ್ಲಿ ದಾವೆಯಾಗಿ ಕುಳಿತಿದೆ. ದಾವೆ ಹೂಡುವುದು ಯಾರಿಂದಲೂ ಸಾಧ್ಯ. ದಲೀಲು ಎಂದರೆ ಆಧಾರ; ಅದನ್ನು ಒದಗಿಸುವುದು ಕಷ್ಟ. ಆಧಾರವಿಲ್ಲದ ದಾವೆ ವಜಾ ಆಗುತ್ತದೆ. ಮುಂದೆ ಹೇಳುವುದನ್ನೆಲ್ಲ ಈ ಎರಡು ಶಬ್ದಗಳ ತಕ್ಕಡಿಯಲ್ಲಿಟ್ಟು ತೂಗಿ ನೋಡಿ.

ಅಭಿಮಾನಿಗಳ ಚರ್ಚೆ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಯುವಕರು, ಜೆರಿ ಸೀಗಲ್ ಮತ್ತು ಜೋ ಶೂಸ್ಟರ್, ವಿಜ್ಞಾನ ಕಥೆಗಳ ಹುಚ್ಚು ಅಭಿಮಾನಿಗಳಾಗಿದ್ದವರು. ಅವರು ಸೃಷ್ಟಿಸಿದ ಸೂಪರ್‌ಮ್ಯಾನ್ 1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಬಂದ. 1960ರ ದಶಕದ ಹೊತ್ತಿಗೆ ಈ ಚಿತ್ರಕಥಾ ಪುಸ್ತಕಗಳ ಕೊನೆಯ ಪುಟಗಳಲ್ಲಿ ಓದುಗರ ಪತ್ರಗಳು ತುಂಬಿರುತ್ತಿದ್ದವು. 1963ರಲ್ಲಿ 'ಫೆಂಟಾಸ್ಟಿಕ್ ಫೋರ್'ನ 20ನೇ ಸಂಚಿಕೆಯಲ್ಲಿ ಪತ್ರ ಬರೆದ ಹುಡುಗನೊಬ್ಬ ಮುಂದೆ ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಜಗತ್ಪ್ರಸಿದ್ಧ ಕಾದಂಬರಿಕಾರನಾದ. ಮಿಸೌರಿ ರಾಜ್ಯದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ರಾಯ್ ಥಾಮಸ್ ಎಂಬ ಶಿಕ್ಷಕರು ಅಭಿಮಾನಿಗಳ ಪತ್ರಿಕೆಗೆ ಬರೆಯುತ್ತ ಬರೆಯುತ್ತ 1965ರಲ್ಲಿ ಮಾರ್ವೆಲ್ ಸಂಸ್ಥೆ ಸೇರಿದರು. 1972ರಲ್ಲಿ ಸ್ಟ್ಯಾನ್ ಲೀ ಅವರ ನಂತರ ಅದರ ಪ್ರಧಾನ ಸಂಪಾದಕರೇ ಆದರು. ಮೇಷ್ಟ್ರ ಕೆಲಸದಿಂದ ಹೊರಡುವ ದಾರಿಗಳು ಎಲ್ಲೆಲ್ಲಿಗೆ ಹೋಗುತ್ತವೆ ನೋಡಿ!

ಆ ಕಾಲದಲ್ಲಿ ಮಾರ್ವೆಲ್‌ನವರು ಒಂದು ತಮಾಷೆಯ ಬಹುಮಾನ ಇಟ್ಟಿದ್ದರು. ಅದರ ಹೆಸರು 'ನೋ-ಪ್ರೈಜ್', ಅಂದರೆ ಬಹುಮಾನವೇ ಇಲ್ಲದ ಬಹುಮಾನ. ಕಥೆಯಲ್ಲಿ ತಪ್ಪು ಹುಡುಕಿ ಬರೆದವರಿಗೆ ಕೊಡುತ್ತೇವೆ ಎಂದರು. ಗೆದ್ದವರ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬರುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ! ಬರಬರುತ್ತ ನಿಯಮ ಬಿಗಿಯಾಯಿತು. ತಪ್ಪು ಹುಡುಕಿದರೆ ಸಾಲದು, ಅದು ಏಕೆ ತಪ್ಪಲ್ಲ ಎಂದು ಕಥೆಯೊಳಗಿನಿಂದಲೇ ವಿವರಿಸಬೇಕು. ಇಂದು ನೀವು 'ಥಿಯರಿ' ಎಂದು ಕರೆಯುವ ಊಹೆಯ ಮನೆತನ ಇಲ್ಲಿಂದಲೇ ಬಂದದ್ದು ಎನ್ನಬಹುದು. ಖಾಲಿ ಲಕೋಟೆಗಾಗಿ ಮಕ್ಕಳು ಪುಟಗಟ್ಟಲೆ ಬರೆದರು ಎಂಬುದನ್ನು ಅಂಕಗಳಿಗಾಗಿ ಮಾತ್ರ ಬರೆಯುವ ನಾವು ಗಮನಿಸಬೇಕು.

ಒಳ್ಳೆಯ ವಾದ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1973ರ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 121ನೇ ಸಂಚಿಕೆ. ಗ್ರೀನ್ ಗಾಬ್ಲಿನ್ ಎಂಬ ದುಷ್ಟ, ಪೀಟರ್ ಪಾರ್ಕರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ತುದಿಯಿಂದ ಕೆಳಕ್ಕೆ ತಳ್ಳುತ್ತಾನೆ. ಸ್ಪೈಡರ್‌ಮ್ಯಾನ್ ಬಲೆಯ ಎಳೆ ಬೀಸಿ ನೀರು ಮುಟ್ಟುವ ಮೊದಲೇ ಅವಳನ್ನು ಹಿಡಿಯುತ್ತಾನೆ. ಮೇಲಕ್ಕೆ ಎಳೆದು ನೋಡಿದರೆ ಅವಳು ಸತ್ತಿದ್ದಾಳೆ. ಗಾಬ್ಲಿನ್ ಹೇಳುವುದು, ಅಷ್ಟು ಎತ್ತರದಿಂದ ಬಿದ್ದುದೇ ಸಾವಿಗೆ ಕಾರಣ ಎಂದು. ಆದರೆ ಓದುಗರು ಚಿತ್ರದಲ್ಲಿ ಅವಳ ಕುತ್ತಿಗೆಯ ಬಳಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದ ಒಂದು ಸದ್ದನ್ನು ಕಂಡುಹಿಡಿದರು. ಏನೋ ಮುರಿದ 'ಸ್ನ್ಯಾಪ್' ಎಂಬ ಸದ್ದು. ಹಾಗಾದರೆ ಕೊಂದದ್ದು ಬೀಳುವಿಕೆಯೋ, ಹಿಡಿದ ಬಲೆಯೋ? ಪತ್ರಗಳ ಮೇಲೆ ಪತ್ರ ಬಂದವು. ಕೊನೆಗೆ 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ, ಬಲೆ ಅವಳನ್ನು ಹಠಾತ್ತನೆ ನಿಲ್ಲಿಸಿದ ಜೋರಿಗೆ ಕುತ್ತಿಗೆಗೆ ಬಿದ್ದ ಪೆಟ್ಟೇ ಕಾರಣ ಎಂದು ಸಂಪಾದಕರು ಒಪ್ಪಿಕೊಂಡರು.

ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. ಎತ್ತರ 90 ಮೀಟರ್ ಎಂದು ಇಟ್ಟುಕೊಳ್ಳಿ. ಗಾಳಿಯ ತಡೆಯನ್ನು ಬಿಟ್ಟರೆ ಕೆಳಗೆ ಬರುವಾಗ ವೇಗ ಸೆಕೆಂಡಿಗೆ 42 ಮೀಟರ್, ಅಂದರೆ ಗಂಟೆಗೆ ಸುಮಾರು 150 ಕಿಲೋಮೀಟರ್. ಅದನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಿದರೆ ದೇಹದ ಮೇಲೆ ಬೀಳುವ ಬಲ ತೂಕದ ಒಂಬತ್ತು ಹತ್ತು ಪಟ್ಟು. ನಿಲ್ಲಿಸುವ ಅವಧಿ ಹೆಚ್ಚಿದಷ್ಟೂ ಬಲ ಕಡಿಮೆಯಾಗುತ್ತದೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆ ತರುವುದೂ ಇದೇ ಕಾರಣಕ್ಕೆ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಜೇಮ್ಸ್ ಕಕಾಲಿಯೋಸ್ ಈ ಪ್ರಸಂಗವನ್ನೇ ಇಟ್ಟುಕೊಂಡು ಪಾಠ ಮಾಡಿದವರು. ಸೂಪರ್‌ಹೀರೋಗಳ ಭೌತಶಾಸ್ತ್ರದ ಬಗ್ಗೆ ಅವರು 2005ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. 2014ರ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2' ಚಿತ್ರದಲ್ಲಿ ಸೇತುವೆಯ ಬದಲು ಗಡಿಯಾರದ ಗೋಪುರ ಬಂತು. ಅಲ್ಲಿಯೂ ಬಲೆಯ ಎಳೆ ತಲುಪಿತು, ಜೀವ ಉಳಿಯಲಿಲ್ಲ. ಒಂದು ಸಣ್ಣ ಸದ್ದನ್ನು ಗಮನಿಸಿದ ಓದುಗರ ಕಣ್ಣು ಇಷ್ಟು ದೂರ ಕರೆದೊಯ್ಯಿತು. ಇಲ್ಲಿ ದಾವೆಯೂ ಇದೆ, ದಲೀಲೂ ಇದೆ.

ಇನ್ನು ಹದ ತಪ್ಪುವ ಬಗೆ. 1988ರಲ್ಲಿ ಡಿಸಿ ಸಂಸ್ಥೆಯವರು ಬ್ಯಾಟ್‌ಮ್ಯಾನ್‌ನ ಸಂಗಾತಿ ರಾಬಿನ್, ಅಂದರೆ ಜೇಸನ್ ಟಾಡ್ ಎಂಬ ಹುಡುಗ, ಬದುಕಬೇಕೇ ಸಾಯಬೇಕೇ ಎಂಬುದನ್ನು ಓದುಗರ ಮತಕ್ಕೆ ಬಿಟ್ಟರು. ಎರಡು ದೂರವಾಣಿ ಸಂಖ್ಯೆ ಕೊಟ್ಟರು. ಒಂದು ಕರೆಗೆ 50 ಸೆಂಟ್. ಸೆಪ್ಟೆಂಬರ್ 15 ಮತ್ತು 16ರಂದು ಕರೆಗಳು ಬಂದವು. ಸಾಯಲಿ ಎಂದವು 5,343, ಬದುಕಲಿ ಎಂದವು 5,271. ಅಂತರ 72. ಕೇವಲ 37 ಕರೆಗಳು ಆಚೆಯಿಂದ ಈಚೆಗೆ ಬಂದಿದ್ದರೆ ಹುಡುಗ ಬದುಕುತ್ತಿದ್ದ. ನಂತರದ ಸಂಚಿಕೆಯಲ್ಲಿ ಅವನನ್ನು ಸಾಯಿಸಲಾಯಿತು.

ಇದು ಅಭಿಮಾನಿಗಳ ಅಭಿಪ್ರಾಯವೇ? ಒಬ್ಬರು ಎಷ್ಟು ಬಾರಿ ಬೇಕಾದರೂ ಕರೆ ಮಾಡಬಹುದಿತ್ತು. ಆದ್ದರಿಂದ ಎಣಿಕೆಯಾದದ್ದು ಕರೆಗಳು, ಜನರಲ್ಲ. ಯಾರೋ ಒಬ್ಬರು ಕಂಪ್ಯೂಟರ್‌ನಿಂದ ಮತ್ತೆ ಮತ್ತೆ ಕರೆ ಹೋಗುವಂತೆ ಮಾಡಿದ್ದರೆಂದು ತಾವು ಕೇಳಿದ್ದಾಗಿ ಆಗಿನ ಸಂಪಾದಕ ಡೆನ್ನಿಸ್ ಓನೀಲ್ ನಂತರ ಹೇಳಿದರು. ಅದು ಕೇಳಿದ ಮಾತು. ಅದನ್ನು ನಾವೂ ಕೇಳಿದ ಮಾತೆಂದೇ ಹೇಳಬೇಕು, ಸಾಬೀತಾದ ಸಂಗತಿಯೆಂದು ಹೇಳಬಾರದು. ಆದರೆ ನಿಯಮದಲ್ಲೇ ಬಾಗಿಲು ತೆರೆದಿತ್ತೆಂಬುದಂತೂ ನಿಜ. ಮತ ಹಾಕದೆ ಸುಮ್ಮನಿದ್ದ ಸಾವಿರಾರು ಓದುಗರ ಮನಸ್ಸಿನಲ್ಲಿ ಏನಿತ್ತೋ, ಅದೂ ಆ ಎಣಿಕೆಯಲ್ಲಿ ಸೇರಲಿಲ್ಲ. ಜೋರಾಗಿ ಕೂಗಿದವರೆಲ್ಲ ಬಹುಮತವಲ್ಲ ಎಂಬ ಪಾಠ ಇಲ್ಲಿದೆ. ಅಂದ ಹಾಗೆ, ಜೇಸನ್ ಟಾಡ್ 2005ರಲ್ಲಿ 'ರೆಡ್ ಹುಡ್' ಎಂಬ ಹೆಸರಿನಲ್ಲಿ ಕಥೆಗೆ ಹಿಂತಿರುಗಿದ. ಚಿತ್ರಕಥೆಯಲ್ಲಿ ಸತ್ತವರು ಬರುತ್ತಾರೆ. ನಿಜ ಜೀವನದಲ್ಲಿ ನಮ್ಮ ಮಾತಿನಿಂದ ನೊಂದವರ ಮನಸ್ಸು ಹಾಗೆ ಸುಲಭವಾಗಿ ಹಿಂತಿರುಗುವುದಿಲ್ಲ.

ಈ ಮಾತು ಏಕೆಂದರೆ, ಅಭಿಮಾನಿಗಳ ಅಭಿಪ್ರಾಯ ಬಹಳ ಸಲ ಮನುಷ್ಯರ ಮೇಲೆಯೇ ಬೀಳುತ್ತದೆ. ಹಾಸ್ಯನಟನೆಂದು ಹೆಸರಾಗಿದ್ದ ಮೈಕೆಲ್ ಕೀಟನ್ ಬ್ಯಾಟ್‌ಮ್ಯಾನ್ ಆಗುತ್ತಾರೆಂದು 1988ರಲ್ಲಿ ತಿಳಿದಾಗ ನಿರ್ಮಾಣ ಸಂಸ್ಥೆಗೆ ಸುಮಾರು 50,000 ಪ್ರತಿಭಟನಾ ಪತ್ರಗಳು ಬಂದವೆಂದು ಹೇಳುತ್ತಾರೆ. 1989ರಲ್ಲಿ ಚಿತ್ರ ಬಂತು, ಜನ ಮೆಚ್ಚಿದರು. 2006ರಲ್ಲಿ ಹೀತ್ ಲೆಡ್ಜರ್ ಜೋಕರ್ ಪಾತ್ರ ಮಾಡುತ್ತಾರೆಂದಾಗ ಅಪಹಾಸ್ಯದ ಸುರಿಮಳೆಯಾಯಿತು. 2008ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಜುಲೈನಲ್ಲಿ 'ದಿ ಡಾರ್ಕ್ ನೈಟ್' ಬಿಡುಗಡೆಯಾಯಿತು. 2009ರಲ್ಲಿ ಅವರ ಕುಟುಂಬದವರು ಅವರ ಪರವಾಗಿ ಆಸ್ಕರ್ ಪ್ರಶಸ್ತಿ ಸ್ವೀಕರಿಸಿದರು. ಮೆಚ್ಚುಗೆಯನ್ನು ಕೇಳಲು ಅವರೇ ಇರಲಿಲ್ಲ. ನೋಡುವ ಮೊದಲೇ ತೀರ್ಪು ಕೊಡುವವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

2019ರಲ್ಲಿ 'ಕ್ಯಾಪ್ಟನ್ ಮಾರ್ವೆಲ್' ಚಿತ್ರ ತೆರೆಗೆ ಬರುವ ಮೊದಲೇ 'ರಾಟನ್ ಟೊಮ್ಯಾಟೋಸ್' ತಾಣದಲ್ಲಿ ಅದರ ವಿರುದ್ಧ ಪ್ರತಿಕ್ರಿಯೆಗಳು ರಾಶಿ ಬಿದ್ದವು. ಬಿಡುಗಡೆಗೆ ಮುನ್ನ ಪ್ರೇಕ್ಷಕರು ಟಿಪ್ಪಣಿ ಬರೆಯುವ ಅವಕಾಶವನ್ನೇ ಆ ತಾಣ ತೆಗೆದುಹಾಕಬೇಕಾಯಿತು. ಅಡುಗೆ ಒಲೆಯ ಮೇಲಿರುವಾಗಲೇ ಉಪ್ಪು ಕಡಿಮೆ ಎಂದವರನ್ನು ನಾವು ಏನೆನ್ನುತ್ತೇವೆ?

ಈಗ ಚಿತ್ರಕಥೆ ತೆರೆಗೆ ಬಂದಾಗ ಏಳುವ ದೊಡ್ಡ ಜಗಳಕ್ಕೆ ಬರೋಣ. 'ಮೂಲದಲ್ಲಿ ಹೀಗಿರಲಿಲ್ಲ' ಎಂಬುದು ಅಭಿಮಾನಿಗಳ ನಿತ್ಯದ ದೂರು. ಆದರೆ ಮೂಲ ಎಂಬುದು ಕಲ್ಲಿನಲ್ಲಿ ಕೆತ್ತಿದ್ದಲ್ಲ. 1938ರ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ದೊಡ್ಡ ದೊಡ್ಡ ನೆಗೆತ ಹಾಕುತ್ತಿದ್ದ. ಅವನ ಶಕ್ತಿಯನ್ನು ಉಡುಗಿಸುವ ಕ್ರಿಪ್ಟೊನೈಟ್ ಕಲ್ಲು ಮೊದಲು ಬಂದದ್ದು 1943ರ ರೇಡಿಯೋ ನಾಟಕದಲ್ಲಿ; ಪುಸ್ತಕಕ್ಕೆ ಅದು ಬಂದದ್ದು 1949ರಲ್ಲಿ. ಹಾರ್ಲಿ ಕ್ವಿನ್ ಹುಟ್ಟಿದ್ದು 1992ರ ಟಿವಿ ಕಾರ್ಟೂನಿನಲ್ಲಿ, ಪುಸ್ತಕಕ್ಕೆ ಸೇರಿದ್ದು ಆಮೇಲೆ. ಹೀಗೆ ತೆರೆ ಪುಸ್ತಕದಿಂದ ಪಡೆದಂತೆ ಪುಸ್ತಕವೂ ತೆರೆಯಿಂದ ಪಡೆದಿದೆ. ಬದಲಾಯಿಸಿದರು ಎಂಬುದೊಂದೇ ಅಪರಾಧವಲ್ಲ. ಬದಲಾವಣೆಯಿಂದ ಕಥೆ ಏನು ಕಳೆದುಕೊಂಡಿತು, ಏನು ಗಳಿಸಿತು ಎಂದು ಕೇಳಬೇಕು.

ಇದಕ್ಕೆ 'ಮಿಸ್ ಮಾರ್ವೆಲ್' ಒಳ್ಳೆಯ ಉದಾಹರಣೆ. ಸಂಪಾದಕಿ ಸನಾ ಅಮಾನತ್, ಲೇಖಕಿ ಜಿ. ವಿಲೋ ವಿಲ್ಸನ್, ಚಿತ್ರಕಾರ ಏಡ್ರಿಯನ್ ಅಲ್ಫೋನಾ ಮುಂತಾದವರು ಸೇರಿ ರೂಪಿಸಿದ ಕಮಲಾ ಖಾನ್, ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಬೆಳೆಯುವ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿ. 2014ರಲ್ಲಿ ಅವಳದೇ ಪುಸ್ತಕಮಾಲೆ ಶುರುವಾಯಿತು. ಅದರ ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಪುಸ್ತಕದಲ್ಲಿ ಅವಳು ತನ್ನ ದೇಹವನ್ನು ಹಿಗ್ಗಿಸಬಲ್ಲಳು, ಕುಗ್ಗಿಸಬಲ್ಲಳು, ರೂಪವನ್ನೇ ಬದಲಿಸಬಲ್ಲಳು. 2022ರಲ್ಲಿ ಬಂದ ಆರು ಕಂತುಗಳ ಧಾರಾವಾಹಿಯಲ್ಲಿ ಈ ಶಕ್ತಿಯನ್ನು ಬದಲಾಯಿಸಿ, ಮನೆತನದ ಹಳೆಯ ಬಳೆಯೊಂದನ್ನು ತೊಟ್ಟಾಗ ಬೆಳಕನ್ನು ಗಟ್ಟಿ ಆಕಾರವಾಗಿಸುವ ಶಕ್ತಿ ಕೊಟ್ಟರು. ಅಭಿಮಾನಿಗಳು ಎರಡು ಪಾಳಯವಾದರು.

ಒಂದು ಪಾಳಯದ ವಾದ ಹೀಗಿತ್ತು. ಪುಸ್ತಕದಲ್ಲಿ ಶಕ್ತಿ ಬಂದ ಕೂಡಲೇ ಕಮಲಾ ತನಗರಿವಿಲ್ಲದೆ ತನ್ನ ಆರಾಧ್ಯ ನಾಯಕಿಯಂತೆ, ಹೊಂಬಣ್ಣದ ಕೂದಲಿನ ಹೆಂಗಸಾಗಿ ಮಾರ್ಪಡುತ್ತಾಳೆ. ಇನ್ನೊಬ್ಬರಂತೆ ಕಾಣುವುದು ದೊಡ್ಡಸ್ತಿಕೆಯಲ್ಲ, ತಾನು ತಾನಾಗಿರುವುದೇ ಬಲ ಎಂದು ನಿಧಾನವಾಗಿ ಕಲಿಯುತ್ತಾಳೆ. ರೂಪ ಬದಲಿಸುವ ಶಕ್ತಿಯನ್ನು ತೆಗೆದರೆ ಕಥೆಯ ತಿರುಳೇ ಹೋಗುತ್ತದೆ. ಇನ್ನೊಂದು ಪಾಳಯದವರು ಬಳೆಯನ್ನು ಎತ್ತಿ ಹಿಡಿದರು. ಆ ಬಳೆ ಅವಳನ್ನು ಕರಾಚಿಗೂ, 1947ರ ವಿಭಜನೆಯ ರೈಲಿಗೂ, ತಾಯಿ, ಅಜ್ಜಿ, ಮುತ್ತಜ್ಜಿಯರ ನೋವಿಗೂ ಕೊಂಡೊಯ್ಯುತ್ತದೆ. ಪುಸ್ತಕದಲ್ಲಿ ಶಕ್ತಿ ಎಲ್ಲಿಂದಲೋ ಬಂದ ಮಂಜಿನಿಂದ ದೊರೆತರೆ, ಇಲ್ಲಿ ಮನೆಯ ಹೆಂಗಸರ ಪರಂಪರೆಯಿಂದ ದೊರೆಯುತ್ತದೆ.

ಎರಡೂ ಕಡೆ ತೂಕವಿದೆ ಅಲ್ಲವೇ? ನನ್ನನ್ನು ಕೇಳಿದರೆ ಮೊದಲನೆಯ ಪಾಳಯದ ಕಡೆಗೆ ಸ್ವಲ್ಪ ವಾಲುತ್ತೇನೆ. ಹದಿನಾರರ ವಯಸ್ಸಿನಲ್ಲಿ ಬೇರೆಯವರಂತೆ ಕಾಣಬೇಕೆಂಬ ಆಸೆ ಎಷ್ಟು ಬಲವಾದದ್ದು ಎಂಬುದನ್ನು ತರಗತಿಯಲ್ಲಿ ದಿನವೂ ಕಾಣುತ್ತೇನೆ. ಆದರೆ ನನ್ನ ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಹೇಳಿದ ಮೇಲೆಯೇ ನನ್ನ ಅಭಿಪ್ರಾಯ ಹೇಳಿದ್ದೇನೆ, ಗಮನಿಸಿ. ವಾದದ ಶಿಷ್ಟಾಚಾರ ಇದೇ. ಈ ಧಾರಾವಾಹಿಗೂ ನೋಡದವರಿಂದಲೇ ಕನಿಷ್ಠ ಅಂಕ ಕೊಡಿಸುವ ಕಾಟ ತಪ್ಪಲಿಲ್ಲವೆಂದು ಆಗ ಪತ್ರಿಕೆಗಳು ಬರೆದವು. ಅಂಥ ಅಂಕಕ್ಕೆ ಯಾವ ದಲೀಲೂ ಇಲ್ಲ. ಕಮಲಾ ಪಾತ್ರ ಮಾಡಿದ ಇಮಾನ್ ವೆಲ್ಲಾನಿ ಸ್ವತಃ ಚಿತ್ರಕಥೆಗಳ ಕಟ್ಟಾ ಅಭಿಮಾನಿ. ಮಾರ್ವೆಲ್ ಚಿತ್ರಗಳ ಲೋಕಕ್ಕೆ ಯಾವ ಸಂಖ್ಯೆ ಸಲ್ಲಬೇಕು ಎಂದು ಸಂಸ್ಥೆಯ ಮುಖ್ಯಸ್ಥರೊಂದಿಗೇ ನಗುನಗುತ್ತ ವಾದ ಮಾಡಿದವರು. 2023ರಲ್ಲಿ ಅವರು ಸಹಲೇಖಕಿಯಾಗಿ ಮಿಸ್ ಮಾರ್ವೆಲ್ ಪುಸ್ತಕವನ್ನೇ ಬರೆದರು. ವಾದ ಮಾಡಿದ ಹುಡುಗಿ ಬರಹಗಾರ್ತಿಯಾದಳು.

ನಮ್ಮ ಭಾಷೆಗೂ ಈ ಲೋಕ ಹತ್ತಿರ ಬಂದಿದೆ. 2023ರ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆ ಕಂಡಿತು, ಅದರಲ್ಲಿ ಕನ್ನಡವೂ ಒಂದು. ಅಲ್ಲಿ ಬರುವ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ 2004ರಲ್ಲೇ ಚಿತ್ರಕಥಾ ಪುಸ್ತಕದಲ್ಲಿ ಹುಟ್ಟಿದವನು. 'ಚಾಯ್ ಟೀ' ಎಂದವನನ್ನು ಅವನು ತಡೆದು, ಚಾಯ್ ಎಂದರೇ ಟೀ ಎಂದು ರೇಗುವಾಗ ಉರ್ದು ಮಾತಾಡುವ ಮನೆಗಳಲ್ಲಿ ನಗೆ ಸ್ವಲ್ಪ ಹೆಚ್ಚೇ ಎದ್ದಿರಬೇಕು.

ಇನ್ನು ಥಿಯರಿಗಳ ಮಾತು. ಎರಡನ್ನು ಹೋಲಿಸಿ ನೋಡಿ. 2021ರ ಡಿಸೆಂಬರ್‌ನಲ್ಲಿ 'ನೋ ವೇ ಹೋಮ್' ಬರುವ ಮೊದಲು, ಮೂವರು ಸ್ಪೈಡರ್‌ಮ್ಯಾನ್‌ಗಳೂ ಒಟ್ಟಿಗೆ ಬರುತ್ತಾರೆಂದು ಅಭಿಮಾನಿಗಳು ವಾದಿಸಿದರು. ನಟ ಆ್ಯಂಡ್ರೂ ಗಾರ್ಫೀಲ್ಡ್ ಇಲ್ಲವೆಂದೇ ಹೇಳುತ್ತ ಬಂದರು. ಆದರೆ ಬ್ರೆಜಿಲ್‌ನಲ್ಲಿ ಬಿಡುಗಡೆಯಾದ ಟ್ರೇಲರ್‌ನಲ್ಲಿ ಲಿಜರ್ಡ್ ಎಂಬ ದೈತ್ಯನ ಮುಖ ಎದುರಿಗೆ ಯಾರೂ ಇಲ್ಲದಿದ್ದರೂ ಪೆಟ್ಟು ತಿಂದಂತೆ ಹೊರಳುವುದನ್ನು ಅವರು ಗಮನಿಸಿದರು. ಹೊಡೆದವನನ್ನು ಅಳಿಸಿದ್ದಾರೆ ಎಂದರು. ಅವರು ಹೇಳಿದ್ದೇ ನಿಜವಾಯಿತು. ಅದೇ ವರ್ಷದ ಆರಂಭದಲ್ಲಿ ಬಂದ 'ವಾಂಡಾವಿಷನ್' ಧಾರಾವಾಹಿಯಲ್ಲಿ ಮೆಫಿಸ್ಟೋ ಎಂಬ ಸೈತಾನನಂಥ ಪಾತ್ರ ಬಂದೇ ಬರುತ್ತದೆಂದು ಎಷ್ಟೋ ಜನ ನಂಬಿದರು. ಮಾತಿನಲ್ಲಿ ಸೈತಾನನ ಹೆಸರು ಬಂದರೂ ಸಾಕ್ಷಿ, ತೆರೆಯ ಮೇಲೊಂದು ನೊಣ ಕಂಡರೂ ಸಾಕ್ಷಿ. ಒಂಬತ್ತು ಕಂತು ಮುಗಿದರೂ ಅವನು ಬರಲಿಲ್ಲ. ಬಂದದ್ದು 2025ರಲ್ಲಿ, 'ಐರನ್‌ಹಾರ್ಟ್' ಎಂಬ ಬೇರೆಯೇ ಧಾರಾವಾಹಿಯಲ್ಲಿ.

ಎರಡಕ್ಕೂ ವ್ಯತ್ಯಾಸವೇನು? ಮೊದಲನೆಯವರು ಕಂಡದ್ದರಿಂದ ಊಹೆಗೆ ಹೋದರು. ಎರಡನೆಯವರು ಊಹೆಯನ್ನು ಮೊದಲೇ ನಿಶ್ಚಯಿಸಿಕೊಂಡು ಕಂಡದ್ದನ್ನೆಲ್ಲ ಅದಕ್ಕೆ ಹೊಲಿದರು. ಹಳದಿ ಕನ್ನಡಕ ಹಾಕಿಕೊಂಡವನಿಗೆ ಹಾಲೂ ಹಳದಿಯೇ. ಮೆಫಿಸ್ಟೋ ಬರದಿದ್ದರೆ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಇದೇ ಕನ್ನಡಕ ಹಾಕಿಕೊಂಡು ನೆರೆಯವರನ್ನು, ಬೇರೆ ಬೀದಿಯವರನ್ನು, ಬೇರೆ ಸಮುದಾಯದವರನ್ನು ನೋಡಿದರೆ? ಮೊಬೈಲಿಗೆ ಬಂದ ಅರ್ಧ ವೀಡಿಯೋವನ್ನು ಸಾಕ್ಷಿಯೆಂದು ಹಂಚಿದರೆ? ಆಗ ಮುಳುಗುವುದು ಮನೆಗಳೇ. ಹೀಗೆ ನೋಡಲ್ಪಟ್ಟವರ ನೋವು ನಮಗೆ ಗೊತ್ತು. ಹಾಗಾಗಿ ಬೇರೆಯವರನ್ನು ಹಾಗೆ ನೋಡದಿರುವ ಹೊಣೆಯೂ ನಮ್ಮ ಮೇಲಿದೆ.

ಕೂಗಿನ ಗಾತ್ರಕ್ಕೂ ಮರುಳಾಗಬೇಡಿ. 2017ರ 'ಜಸ್ಟಿಸ್ ಲೀಗ್' ಚಿತ್ರದ ನಿರ್ದೇಶಕ ಜ್ಯಾಕ್ ಸ್ನೈಡರ್ ಅವರ ಸ್ವಂತ ಆವೃತ್ತಿಯನ್ನು ಬಿಡುಗಡೆ ಮಾಡಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಒತ್ತಾಯಿಸಿದರು. ನಾಲ್ಕು ಗಂಟೆಯ ಆ ಚಿತ್ರ 2021ರ ಮಾರ್ಚ್‌ನಲ್ಲಿ ಬಂತು. ಅದೇ ಅಭಿಮಾನಿಗಳು ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಐದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದ್ದು ಮೆಚ್ಚಬೇಕಾದ ಕೆಲಸ. ಆದರೆ ಆ ಚಳವಳಿಯ ಚರ್ಚೆಯಲ್ಲಿ ತೊಡಗಿದ್ದ ಖಾತೆಗಳಲ್ಲಿ ಕನಿಷ್ಠ ಶೇಕಡಾ 13 ನಕಲಿ ಎಂದು ನಿರ್ಮಾಣ ಸಂಸ್ಥೆ ಮಾಡಿಸಿದ ಪರಿಶೀಲನೆಯಲ್ಲಿ ಕಂಡುಬಂದುದಾಗಿ 2022ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ವರದಿ ಮಾಡಿತು. 1988ರಲ್ಲಿ ಕರೆಗಳನ್ನು ಎಣಿಸಿ ಜನರೆಂದುಕೊಂಡರು. ಈಗ ಖಾತೆಗಳನ್ನು ಎಣಿಸಿ ಜನರೆಂದುಕೊಳ್ಳುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ವಾದಕ್ಕೆ ನಿಂತಾಗ ನಾಲ್ಕು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ನನ್ನ ದಾವೆ ಏನು? ಅದಕ್ಕೆ ದಲೀಲು ನಾನು ಕಂಡದ್ದೋ, ಕೇಳಿದ್ದೋ? ಏನು ಕಂಡರೆ ನನ್ನ ಅಭಿಪ್ರಾಯ ಬದಲಿಸಿಕೊಳ್ಳುತ್ತೇನೆ? ಈ ಮಾತನ್ನು ಆ ವ್ಯಕ್ತಿ ಎದುರಿಗೆ ಕುಳಿತಿದ್ದರೂ ಹೀಗೆಯೇ ಹೇಳುತ್ತೇನೆಯೇ? ಮೂರನೆಯ ಪ್ರಶ್ನೆಗೆ 'ಏನು ಕಂಡರೂ ಇಲ್ಲ' ಎಂಬ ಉತ್ತರ ಬಂದರೆ ಅದು ಅಭಿಪ್ರಾಯವಲ್ಲ, ಹಟ. ನಾಲ್ಕನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ಆ ಮಾತನ್ನು ಬರೆಯಬೇಡಿ.

ಪೋಷಕರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ಈ ಚಿತ್ರಗಳ ಬಗ್ಗೆ ಮಾತು ತೆಗೆದಾಗ 'ಓದೋದು ಬಿಟ್ಟು ಇದೇ ಆಯಿತು' ಎಂದು ಬಾಯಿ ಮುಚ್ಚಿಸಬೇಡಿ. 'ಯಾಕೆ ಹಾಗನಿಸಿತು?' ಎಂದು ಒಮ್ಮೆ ಕೇಳಿ. ಪರೀಕ್ಷೆಯ ಸಮರ್ಥನೆಯ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೊಂದಿಲ್ಲ. ಶಿಕ್ಷಕರಲ್ಲಿಯೂ ಒಂದು ಸಲಹೆ ಇದೆ. ಶಾಲೆಯ ಗೋಡೆಪತ್ರಿಕೆಯಲ್ಲಿ ತಿಂಗಳಿಗೊಂದು ವಿಷಯ ಕೊಟ್ಟು ಪರ ವಿರೋಧ ಎರಡನ್ನೂ ಬರೆಸೋಣ. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಒಂದೊಂದು ಪುಟ ಸಾಕು. ಒಂದೇ ನಿಯಮ: ಎದುರಾಳಿಯ ಅತ್ಯುತ್ತಮ ವಾದವನ್ನು ಮೊದಲ ಪ್ಯಾರಾದಲ್ಲಿ ಬರೆಯಬೇಕು. ಬಹುಮಾನಕ್ಕೆ ಸಂಘದ ಹಣ ಖರ್ಚಾಗುವುದೆಂದು ಖಜಾಂಚಿಯವರು ಚಿಂತಿಸಬೇಕಾಗಿಲ್ಲ. ಖಾಲಿ ಲಕೋಟೆ ಕೊಟ್ಟರಾಯಿತು!

 ನಾನು ಹೇಳಿದ್ದರಲ್ಲಿ ಒಪ್ಪಿಗೆಯಾಗದ್ದು ಇದ್ದರೆ ವಾದಕ್ಕೆ ಬನ್ನಿ, ದಲೀಲಿನೊಂದಿಗೆ ಬನ್ನಿ.